ಹಗಲು ದೆವ್ವವೂ ನಮ್ಮನೆ ಪಟೇಲರೂ

ಸಿಂಗಾಪುರದಲ್ಲಿ ನಾನು ಕಂಡ ಮೊದಲ ದೆವ್ವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮೀನಿನ ಸಾರು ಅನ್ನ ಉಣ್ಣುತ್ತಿತ್ತು. ಸೊಂಟದವರೆಗೆ ಇಳಿಬಿದ್ದ ಕೂದಲು ಸಾರಿಗೆ ತಾಗದಂತೆ ಹೆಗಲ ಹಿಂದಕ್ಕೆ ಎಸೆದುಕೊಂಡಿತ್ತು. ಊಟ ಮುಗಿಸಿ, ಕೈ ತೊಳೆದು, ಬೀಡಿ ಹಚ್ಚಿತು. ದೆವ್ವ ಹೆಣ್ಣು, ಅದರೊಳಗಿದ್ದವನು ಗಂಡಸು ಎಂದು ನನಗೆ ಗೊತ್ತಾದದ್ದು ಆಗಲೇ.

ಊರಿಗೆ ಬಂದಾಗಿನಿಂದ ದೊಡ್ಡಬಳ್ಳಾಪುರದ ನೆಂಟರೆಲ್ಲ ಹಡಗು ಎಷ್ಟು ದೊಡ್ಡದು, ಅಲ್ಲಿ ಅಕ್ಕಿ ಹೇಗೆ, ಬಟ್ಟೆ ಹೇಗೆ ಎಂದು ಕೇಳುತ್ತಿದ್ದಾರೆ. ನನಗೆ ಅದೊಂದೂ ಸರಿಯಾಗಿ ನೆನಪಿಲ್ಲ. ಈ ದೆವ್ವದ ವಿಷಯವಾದರೆ ಚೆನ್ನಾಗಿ ಹೇಳಬಲ್ಲೆ.

ಹಡಗಿನಲ್ಲಿ

ಯುದ್ಧ ಮುಗಿದು ಹಡಗುಗಳು ಮತ್ತೆ ಜನರನ್ನು ಹೊರಲು ಶುರುಮಾಡಿದ್ದ ಕಾಲ. ನನ್ನ ತಮ್ಮ ನಂಜುಂಡ ಬೆಂಗಳೂರಿನ ಫೋಟೋ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಯಾರೋ ತಮಿಳರ ಬೆನ್ನು ಹತ್ತಿ ಸಿಂಗಾಪುರಕ್ಕೆ ಹೋಗಿ, ಸಿನಿಮಾ ಕ್ಯಾಮೆರಾ ನಡೆಸುವವನಾಗಿದ್ದ. ನಮ್ಮ ಯಜಮಾನರಿಗೆ ಇದು ಹಿಡಿಸಿರಲಿಲ್ಲ. ಅವರು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯೊಂದರ ಪಟೇಲರು. ಭಾಮೈದನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಗೊತ್ತುಮಾಡಿ, ಅವನನ್ನು ಕೈಹಿಡಿದು ಎಳೆದು ತರುತ್ತೇನೆಂದು ನನ್ನನ್ನೂ ಹೊರಡಿಸಿದರು. ತಂದೆಯಿಲ್ಲದ ಹುಡುಗ, ಭಾವ ಎದುರಿಗೆ ನಿಂತು ಹೇಳಿದರೆ ಇಲ್ಲ ಎನ್ನುವವನಲ್ಲ. ಅದೇ ನನ್ನ ಚಿಂತೆಯಾಗಿತ್ತು. ಕ್ಯಾಮೆರಾ ಬಿಟ್ಟರೆ ಅವನು ಏನಾಗುತ್ತಾನೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣಕ್ಕೆ ತೂತು ಮಾಡಿ ಅದರಲ್ಲೇ ಊರನ್ನೆಲ್ಲ ನೋಡುತ್ತಿದ್ದವನು ಅವನು.

ಪಟೇಲರ ಮೀಸೆಯನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಆದರೆ ಸಮುದ್ರಕ್ಕೆ ಆ ಮೀಸೆಯ ಪರಿಚಯವಿರಲಿಲ್ಲ. ಮದರಾಸು ಕಣ್ಮರೆಯಾಗುವ ಮೊದಲೇ ಅವರು ಕಂಬಳಿ ಹೊದ್ದು ಮಲಗಿದರು.

"ಏನಂದ್ರೆ, ಹೆದರಿಕೆ ಆಗ್ತಿದೆಯಾ?" ಎಂದೆ.

"ಹೆದರಿಕೆ ಯಾಕೆ? ಹೊಟ್ಟೆ ಸರಿ ಇಲ್ಲ," ಎಂದರು.

ಮದುವೆಯಾದಾಗಿನಿಂದ ಅವರಿಗೆ ಹೆದರಿಕೆಯಾದಾಗಲೆಲ್ಲ ಹೊಟ್ಟೆ ಕೆಟ್ಟಿದೆ. ಕೊಟ್ಟಿಗೆಯಲ್ಲಿ ಏನಾದರೂ ಸದ್ದಾದರೆ ಲಾಟೀನು ಹಿಡಿದು ಹೋಗುವವಳು ನಾನು. ಅದೇನೆಂದು ಮರುದಿನ ಜಗುಲಿಯ ಮೇಲೆ ವಿವರಿಸುವವರು ಅವರು. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಹೀಗೆಯೇ ಇದ್ದುದರಿಂದ ನಾನು ಅದನ್ನು ವಿಚಿತ್ರವೆಂದುಕೊಂಡಿರಲಿಲ್ಲ.

ಸ್ಟುಡಿಯೋ

ನಂಜುಂಡನ ಸ್ಟುಡಿಯೋ ಎಂದರೆ ತಗಡಿನ ಚಾವಣಿಯ ದೊಡ್ಡದೊಂದು ಗೋದಾಮು. ಅದರ ಹಿಂದೆ ಬಾಳೆತೋಟ. ಅಲ್ಲಿ ಮಲಯ ಭಾಷೆಯಲ್ಲಿ ದೆವ್ವದ ಚಿತ್ರವೊಂದನ್ನು ತೆಗೆಯುತ್ತಿದ್ದರು. ಬಾಣಂತಿಯಾಗಿ ಸತ್ತ ಹೆಂಗಸು ಬಾಳೆಮರದಲ್ಲಿ ಸೇರಿಕೊಂಡು ಗಂಡಸರನ್ನು ಹಿಡಿಯುತ್ತಾಳೆಂದು ಆ ನಾಡಿನ ನಂಬಿಕೆ. ನಮ್ಮೂರ ಗುಂಡುತೋಪಿನಲ್ಲೂ ಒಬ್ಬ ಮೋಹಿನಿ ಇದ್ದಾಳೆ. ಅವಳು ಹೆಂಡದಂಗಡಿಯಿಂದ ತಡವಾಗಿ ಬರುವವರಿಗೆ ಮಾತ್ರ ಕಾಣುತ್ತಾಳೆ. ಬೆಳಗಿನ ಜಾವ ಅದೇ ದಾರಿಯಲ್ಲಿ ನೀರಿಗೆ ಹೋಗುವ ನಮಗೆ ಅವಳು ಒಂದು ದಿನವೂ ಕಂಡಿಲ್ಲ.

ಚಿತ್ರದ ನಿರ್ದೇಶಕರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ತಂಜಾವೂರಿನ ಕಡೆಯವರು, ನಾಟಕದಲ್ಲಿ ಪಳಗಿದವರು. ಜನರನ್ನು ಹೆದರಿಸುವ ತಾಕತ್ತು ಹೆಂಗಸಿಗಿಲ್ಲ ಎಂಬುದು ಅವರ ಗಟ್ಟಿ ಅಭಿಪ್ರಾಯ. ಅದಕ್ಕೇ ಪಾಕರ್ ಎಂಬ ಗಟ್ಟಿಮುಟ್ಟಾದ ಆಳಿಗೆ ಸೀರೆಯಂಥದ್ದನ್ನು ಸುತ್ತಿ, ಕೂದಲು ಕಟ್ಟಿ, ದೆವ್ವ ಮಾಡಿದ್ದರು. ಮೀನಿನ ಸಾರು ಉಣ್ಣುತ್ತಿದ್ದಾಗ ನಾನು ಕಂಡದ್ದು ಇವನನ್ನೇ. ದೆವ್ವವನ್ನು ಕಂಡು ಕಿರುಚಿ ಮೂರ್ಛೆ ಬೀಳುವ ಕೆಲಸ ಲತೀಫಾ ಎಂಬ ಹುಡುಗಿಯದು. ಅವಳನ್ನು ಎತ್ತಿಕೊಂಡು ಹೋಗಿ ಕಾಪಾಡುವ ಹೀರೋ ಇದ್ರೀಸ್. ನೋಡಲು ಲಕ್ಷಣವಾದ ಹುಡುಗ. ಅವನ ತಲೆಗೂದಲಿಗೆ ಹಾಕುತ್ತಿದ್ದ ಎಣ್ಣೆಯಲ್ಲಿ ನಮ್ಮ ಮನೆಯ ಒಗ್ಗರಣೆ ಒಂದು ವಾರ ನಡೆಯುತ್ತಿತ್ತು.

ಲತೀಫಾ ಮುಸಲ್ಮಾನರ ಹುಡುಗಿ ಎಂದು ತಿಳಿದು, ನಮ್ಮ ಬೀದಿಯ ಸಾಬರ ಮನೆಯಲ್ಲಿ ಕಲಿತ ಮಾತಿನಲ್ಲಿ "ಕೈಸೆ ಹೈ ಬೇಟಿ" ಎಂದು ಗತ್ತಿನಿಂದ ವಿಚಾರಿಸಿದೆ. ಅವಳು ಕಣ್ಣರಳಿಸಿ ನಂಜುಂಡನ ಕಡೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು "ಕಾಕಾ" ಎಂದಳು. ಹುಬ್ಬಳ್ಳಿ ಕಡೆಯವರು ಚಿಕ್ಕಪ್ಪನನ್ನು ಹಾಗೆ ಕರೆಯುವುದನ್ನು ಕೇಳಿದ್ದ ನಾನು ನನ್ನ ಮುಖ ಮುಟ್ಟಿ ನೋಡಿಕೊಂಡೆ. ಅಲ್ಲಿ ಕಾಕಾ ಎಂದರೆ ಅಕ್ಕ ಎಂದು ನಂಜುಂಡ ಹೇಳಿದ. ಅಲ್ಲಿಂದ ಮುಂದೆ ಅವಳ ಮಲಯವನ್ನು ಅವನು ಕನ್ನಡ ಮಾಡುತ್ತಿದ್ದ, ನನ್ನ ಕನ್ನಡವನ್ನು ಮಲಯ ಮಾಡುತ್ತಿದ್ದ.

ಲತೀಫಾಳಿಗೆ ಕಿರುಚಲು ಬರುತ್ತಿರಲಿಲ್ಲ. ಪಾಕರ್ ಕೈ ಚಾಚಿಕೊಂಡು ಬಂದರೆ ಅವಳಿಗೆ ನಗು ಬರುತ್ತಿತ್ತು. ಮಾಸ್ಟರ್ ಬೈದರು, ರಮಿಸಿದರು, ಕೊನೆಗೆ ತಾವೇ ಕಿರುಚಿ ತೋರಿಸಿದರು. ಅವರ ಕಿರುಚಾಟ ಬಹಳ ಚೆನ್ನಾಗಿತ್ತು. ಅವಳು ಇನ್ನೂ ನಕ್ಕಳು.

ಅದೇ ದಿನ ನಂಜುಂಡ ನನಗೆ ಕ್ಯಾಮೆರಾದ ಕಿಂಡಿಯಲ್ಲಿ ನೋಡಲು ಬಿಟ್ಟ. ಕ್ಯಾಮೆರಾವನ್ನು ಎತ್ತರದ ಅಟ್ಟಣೆಯ ಮೇಲೆ, ಬಾಳೆ ಎಲೆಗಳ ಮರೆಯಲ್ಲಿ ಇಟ್ಟಿದ್ದರು. ಕೆಳಗೆ ಲತೀಫಾ ಬುಟ್ಟಿಯೊಳಗಿನ ಕೋಳಿಮರಿಯಂತೆ ಕಂಡಳು.

"ಇಷ್ಟು ಮೇಲಿಂದ ಯಾಕೋ?" ಎಂದೆ.

"ಮಾಸ್ಟರ್ ಲೆಕ್ಕ ಅಕ್ಕ. ಹೆಂಗಸನ್ನ ಮೇಲಿಂದ ತೆಗೀಬೇಕು, ಚಿಕ್ಕದಾಗಿ ಕಾಣ್ತಾಳೆ. ಹೀರೋ ಬಂದಾಗ ಕೆಳಗಿಂದ ತೆಗೀಬೇಕು, ಬೆಟ್ಟದ ಹಾಗೆ ಕಾಣ್ತಾನೆ."

"ಅವಳೇನು ನೋಡ್ತಿದ್ದಾಳೆ ಅಂತ ತೋರಿಸಲ್ವಾ?"

"ಅವಳನ್ನ ನೋಡೋದಷ್ಟೇ. ಅವಳು ನೋಡೋದು ಇಲ್ಲ."

ಎಲೆಯ ಮರೆಯಿಂದ ಅವಳನ್ನು ನೋಡುತ್ತ ನನಗೆ ಮುಜುಗರವಾಯಿತು. ನಮ್ಮ ಕೆರೆ ಏರಿಯ ಮೇಲೆ ಕೆಲಸವಿಲ್ಲದೆ ನಿಂತು, ಬಟ್ಟೆ ಒಗೆಯುವವರನ್ನು ನೋಡುವ ಗಂಡಸರಿದ್ದಾರೆ. ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿದಂತಾಯಿತು. ಹಾಗೆಂದು ನಂಜುಂಡನಿಗೆ ಹೇಳಿದೆ. ಅವನು ಕ್ಯಾಮೆರಾದ ಗಾಜನ್ನು ಮತ್ತೆ ಮತ್ತೆ ಒರೆಸಿದ.

ಸಂಜೆ ಲತೀಫಾ ನಮ್ಮೊಂದಿಗೆ ಚಹಾ ಕುಡಿಯಲು ಕೂತಳು. ಅಷ್ಟು ನಗು ಯಾಕಮ್ಮ ಎಂದು ಕೇಳಿದೆ. ಅವಳು ಹೇಳಿದ್ದನ್ನು ನಂಜುಂಡ ನಿಧಾನವಾಗಿ ಕನ್ನಡ ಮಾಡಿದ. ಜಪಾನಿನವರು ಊರು ಹಿಡಿದಿದ್ದಾಗ ಅವಳ ಗಂಡನನ್ನು ಕೆಲಸಕ್ಕೆಂದು ಲಾರಿಗೆ ಹತ್ತಿಸಿಕೊಂಡು ಹೋದರಂತೆ. ಅವನು ಮತ್ತೆ ಬರಲಿಲ್ಲ. ಬೂಟಿನ ಸದ್ದು ಬಾಗಿಲ ಹತ್ತಿರ ಬಂದಾಗಲೆಲ್ಲ ಇವಳು ತಾಯಿಯ ಬಾಯಿಗೆ ಕೈ ಒತ್ತಿ ಹಿಡಿದು ಕೂರುತ್ತಿದ್ದಳಂತೆ.

"ಆವಾಗ ಕಿರುಚಿದ್ರೆ ಸಾಯ್ತಿದ್ವಿ ಅಂತಾಳೆ ಅಕ್ಕ. ಸದ್ದು ಮಾಡದೆ ಹೆದರೋದು ಮಾತ್ರ ಅವಳಿಗೆ ಗೊತ್ತಂತೆ. ಇವರು ಕೇಳೋ ಹೆದರಿಕೆ ಬೇರೆ ಯಾವುದೋ, ಅದನ್ನ ನೋಡಿದ್ರೆ ನಗು ಬರುತ್ತಂತೆ."

ನಮ್ಮ ಯಜಮಾನರು ಲೋಟ ಕೆಳಗಿಟ್ಟರು. "ಮಾಸ್ಟರಿಗೆ ಹೇಳಿದ್ದಾಳಾ ಇದನ್ನ?" ಎಂದರು.

ಹೇಳಿರಲಿಲ್ಲ. ಹೇಳಿದ್ದರೂ ಪ್ರಯೋಜನವಿರಲಿಲ್ಲವೇನೋ. ಚೆನ್ನಾಗಿ ಕಿರುಚುವ ಹುಡುಗಿಯೊಬ್ಬಳನ್ನು ಪಿನಾಂಗಿನಿಂದ ಕರೆಸುತ್ತಿದ್ದಾರೆಂದು ಮರುದಿನ ತಿಳಿಯಿತು. ಆ ವಾರ ಮುಗಿದರೆ ಲತೀಫಾ ಮನೆಗೆ. ವಯಸ್ಸಾದ ತಾಯಿಗೆ ಅವಳೊಬ್ಬಳೇ ದಿಕ್ಕು.

ಬಾಳೆತೋಟ

ಲತೀಫಾಳ ಕೊನೆಯ ದಿನ ಬಾಳೆತೋಟದಲ್ಲೇ ಕೆಲಸವಿತ್ತು. ದೆವ್ವದ ರಾತ್ರಿಯನ್ನು ಅವರು ತೆಗೆಯುತ್ತಿದ್ದುದು ನಡುಮಧ್ಯಾಹ್ನ. ಕ್ಯಾಮೆರಾದ ಮುಂದೆ ಕೆಂಪು ಗಾಜೊಂದನ್ನು ಸಿಕ್ಕಿಸಿದರೆ ಸುಡುಬಿಸಿಲು ತೆರೆಯ ಮೇಲೆ ಬೆಳುದಿಂಗಳಾಗುತ್ತದೆಂದು ನಂಜುಂಡ ಹೇಳಿದಾಗ ನಾನು ನಂಬಲಿಲ್ಲ.

ಅಂದು ಪಾಕರನಿಗೆ ಹಲ್ಲುನೋವು. ಕೆನ್ನೆ ಊದಿಕೊಂಡು, ದೆವ್ವಕ್ಕೆ ಮಂಗನಬಾವು ಬಂದ ಹಾಗೆ ಕಾಣುತ್ತಿದ್ದ. ಅವನು ಲವಂಗ ಕಚ್ಚಿಕೊಂಡು ಮಲಗಿದ್ದಾಗ, ಕ್ಯಾಮೆರಾ ಹೊಂದಿಸಿಕೊಳ್ಳಲೆಂದು ಅವನ ಬಟ್ಟೆ, ಕೂದಲುಗಳನ್ನು ಲತೀಫಾಳಿಗೆ ತೊಡಿಸಿ ಅವನ ಜಾಗದಲ್ಲಿ ನಿಲ್ಲಿಸಿದರು. ಅಟ್ಟಣೆಯ ಒಂದು ಕಾಲು ಹಿಂದಿನ ದಿನದ ಮಳೆಗೆ ಕುಸಿದಿತ್ತು. ಅದನ್ನು ಸರಿಮಾಡುವವರೆಗೆ ನಂಜುಂಡ ಕ್ಯಾಮೆರಾವನ್ನು ನೆಲದ ಮೇಲೆ, ಮರಳು ಚೀಲಕ್ಕೆ ಒರಗಿಸಿ ಇಟ್ಟುಕೊಂಡು ಹೊಟ್ಟೆಯ ಮೇಲೆ ಮಲಗಿದ್ದ. ಇದ್ರೀಸ್ ಒಂದು ಬದಿಯಲ್ಲಿ ಟಾರ್ಚು ಹಿಡಿದು ಧೈರ್ಯದ ಮುಖ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದ. ನಾನು ಮಾಸ್ಟರ ಕುರ್ಚಿಯ ಹಿಂದೆ ನಿಂತಿದ್ದೆ.

ನಮ್ಮ ಯಜಮಾನರು ಎಲ್ಲೂ ಕಾಣಲಿಲ್ಲ. ಸ್ಟುಡಿಯೋದ ಪಾಯಿಖಾನೆ ಅವರಿಗೆ ಒಗ್ಗಿರಲಿಲ್ಲ. ಎರಡೂ ಪಕ್ಕದಲ್ಲಿ ಜನ ಕೂತು ಮಾತಾಡುತ್ತಾರೆ ಎನ್ನುವುದು ಅವರ ದೂರು. ಊರಿನಿಂದ ತಂದ ಚೊಂಬಿನೊಂದಿಗೆ ಅವರು ಬಾಳೆತೋಟದ ಒಳಗೆ ಹೋಗಿದ್ದರೆಂದು ಯಾರಿಗೂ ತಿಳಿದಿರಲಿಲ್ಲ.

"ಬೆಳಕು ಹೇಗೆ ಬೀಳುತ್ತೆ ನೋಡೋಣ, ಕ್ಯಾಮೆರಾ," ಎಂದರು ಮಾಸ್ಟರ್. ಯಂತ್ರ ಜುರ್ರೆಂದು ಓಡತೊಡಗಿತು.

ಲತೀಫಾಳ ಬೆನ್ನ ಹಿಂದೆ ಎಲೆಗಳು ಸರಿದವು. ಬಿಳಿ ಪಂಚೆ, ಬಿಸಿಲಿಗೆ ತಲೆಯ ಮೇಲೆ ಮುಸುಕು ಹಾಕಿದ ಬಿಳಿ ಉತ್ತರೀಯ, ಅದರ ಕೆಳಗೆ ಆ ಮೀಸೆ. ಇದ್ರೀಸ್ ಅದನ್ನು ಕಂಡದ್ದೇ ಟಾರ್ಚು ಎಸೆದು ಕಿರುಚಿದ. ಮಾಸ್ಟರು ಲತೀಫಾಳಿಂದ ಬಯಸಿ ಸಿಗದೇ ಹೋದ ಕಿರುಚಾಟ ಅದು, ಒಂದು ಕೂದಲಿನಷ್ಟೂ ಕಡಿಮೆಯಿಲ್ಲ. ಬೆಳಕು ಬೀಳಿಸಲು ನಿಲ್ಲಿಸಿದ್ದ ತಗಡಿನ ಹಲಗೆಯನ್ನು ಗುದ್ದಿ ಬೀಳಿಸಿಕೊಂಡು ಅವನು ಗೋದಾಮಿನ ಕಡೆ ಓಡಿದ.

ಸದ್ದಿಗೆ ಲತೀಫಾ ಹಿಂದಕ್ಕೆ ತಿರುಗಿದಳು. ಕೂದಲು ಮುಖದ ಮೇಲೆ ಇಳಿದಿದ್ದ ಹೆಂಗಸು ತಮ್ಮ ಕಡೆ ತಿರುಗಿದ್ದನ್ನು ನೋಡಿ ನಮ್ಮ ಯಜಮಾನರು ಕಂಬದಂತೆ ನಿಂತರು. ಅವಳು ಯಾರಿರಬಹುದೆಂದು ನೋಡಲು ಅವರತ್ತ ನಡೆದಳು. ಆತುರವಿಲ್ಲ, ಸದ್ದಿಲ್ಲ, ಒಂದೊಂದೇ ಹೆಜ್ಜೆ. ಪಟೇಲರು "ಅಯ್ಯಯ್ಯೋ, ಅವ್ವಾ" ಎಂದು ಕೂಗಿ, ಒಂದು ಕೈಯಲ್ಲಿ ಪಂಚೆ ಇನ್ನೊಂದರಲ್ಲಿ ಚೊಂಬು ಹಿಡಿದು, ಬಾಳೆಗಿಡಗಳ ನಡುವೆ ನುಗ್ಗಿ ಓಡಿದರು. ಲತೀಫಾ ಅವರಿಗೇನೋ ಆಗಿದೆಯೆಂದುಕೊಂಡು ಹಿಂದೆಯೇ ಹೋದಳು. ಅವಳು ಬಂದಷ್ಟೂ ಅವರು ಓಡಿದರು.

ಮಾಸ್ಟರ್ ನಿಲ್ಲಿಸು ಎಂದು ಅರಚುತ್ತಿದ್ದರು. ನಂಜುಂಡ ನಿಲ್ಲಿಸಲಿಲ್ಲ. ಸುರುಳಿ ಮುಗಿಯುವವರೆಗೂ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

ಆ ರಾತ್ರಿ ನಮ್ಮ ಯಜಮಾನರು ಊಟ ಬೇಡವೆಂದರು.

"ಹೊಟ್ಟೆ ಸರಿ ಇಲ್ವಾ?" ಎಂದೆ.

ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿಂದಲೇ, "ನಾಡಿದ್ದೇ ಹಡಗಿದ್ರೆ ಹೊರಡೋಣ. ನಂಜುಂಡನಿಗೂ ಗಂಟು ಕಟ್ಟೋಕೆ ಹೇಳು," ಎಂದರು.

ಕತ್ತಲೆ ಕೋಣೆ

ಹಡಗು ನಾಡಿದ್ದು ಇರಲಿಲ್ಲ. ತೆಗೆದ ಚಿತ್ರವನ್ನು ತೊಳೆದು ತಂದ ಮೇಲೆ ಕೆಲಸಗಾರರೆಲ್ಲ ಕತ್ತಲೆ ಕೋಣೆಯಲ್ಲಿ ಕೂತು ನೋಡುವುದು ಅಲ್ಲಿನ ಪದ್ಧತಿ. ಮಾಸ್ಟರು ಆ ಸುರುಳಿಯನ್ನು ಎಸೆಯಲು ಹೇಳಿದ್ದರು. ನಂಜುಂಡ ಅದನ್ನೇ ಮೊದಲು ಹಾಕಿದ. ಯಜಮಾನರು ಬರಲೊಪ್ಪಲಿಲ್ಲ, ಆಮೇಲೆ ಬಂದು ಬಾಗಿಲ ಬಳಿ ನಿಂತರು.

ಮಧ್ಯಾಹ್ನದ ಬಿಸಿಲು ನಿಜವಾಗಿ ಬೆಳುದಿಂಗಳಾಗಿತ್ತು. ಮೊದಲು ಪಟೇಲರು ಎಲೆ ಸರಿಸಿ ಹೊರಬಂದರು. ಎಲ್ಲರೂ ನಕ್ಕರು. ಪಟೇಲರು ಎಲೆ ಸರಿಸಿ ಹೊರಬಂದರು. ಮತ್ತೆ ನಕ್ಕರು. ಆಮೇಲೆ ಲತೀಫಾ ನಡೆಯತೊಡಗಿದಳು. ನೆಲದಿಂದ ನೋಡಿದ ಕ್ಯಾಮೆರಾಕ್ಕೆ ಅವಳ ತಲೆ ಬಾಳೆಗಿಡಗಳ ಮೇಲಕ್ಕೆ ಹೋಗಿತ್ತು, ಓಡುತ್ತಿದ್ದ ಗಂಡಸು ಅವಳ ಬಟ್ಟೆಯ ಅಂಚಿನ ಹತ್ತಿರ ಇರುವೆಯಷ್ಟಿದ್ದ. ಅವಳು ಕೈ ಚಾಚಲಿಲ್ಲ, ಹಲ್ಲು ಕಿರಿಯಲಿಲ್ಲ. ಕೋಣೆಯಲ್ಲಿ ನಗು ನಿಂತುಹೋಯಿತು. ದೀಪ ಹಾಕಿದಾಗ ಪಾಕರ್ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದ.

ಮಾಸ್ಟರ್ ನನ್ನ ಕಡೆ ತಿರುಗಿ ತಮಿಳಿನಲ್ಲಿ, "ನಿಮಗೆ ಹೇಗನ್ನಿಸಿತಮ್ಮ?" ಎಂದರು.

ನೂಲಿನ ವ್ಯಾಪಾರಿಗಳಿಂದ ಕಲಿತ ನನ್ನ ಹರಕು ತಮಿಳಿನಲ್ಲಿ, "ಅವಳಿಗೆ ಅವಸರವಿಲ್ಲವಲ್ಲ, ಅದು ಹೆದರಿಕೆ," ಎಂದೆ. "ಅವಳಿಗೇನೋ ಕೇಳಬೇಕಾಗಿದೆ. ಕೇಳದೆ ಬಿಡಲ್ಲ ಅನ್ನಿಸುತ್ತೆ."

"ಏನು ಕೇಳಬೇಕಾಗಿದೆ?"

"ಅದನ್ನ ಅವಳನ್ನೇ ಕೇಳಿ."

ಮಾಸ್ಟರ್ ಆ ಹುಡುಗಿಯೊಂದಿಗೆ ಕಿರುಚಾಟದ ಹೊರತು ಬೇರೆ ವಿಷಯ ಮಾತಾಡಿದ್ದು ಅಂದೇ ಮೊದಲಂತೆ. ಅವರಿಬ್ಬರೂ ಚಹಾ ಆರಿ ತಣ್ಣಗಾಗುವವರೆಗೆ ಮಾತಾಡಿದರು. ಹೊರಗೆ ಬಂದಾಗ ಮಾಸ್ಟರ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕಥೆ ಬದಲಾಯಿತು. ಪಿನಾಂಗಿನ ಹುಡುಗಿಗೆ ಬರಬೇಡವೆಂದು ತಿಳಿಸಿದರು. ತನ್ನ ಗಂಡನನ್ನು ಜಪಾನಿನವರಿಗೆ ಹಿಡಿದುಕೊಟ್ಟವರು ಯಾರು, ಊರಿನ ಗಂಡಸರು ಆಗ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳುತ್ತ ಮನೆಮನೆಗೆ ಬಂದು ನಿಲ್ಲುವ ಹೆಂಗಸಾದಳು ಲತೀಫಾ. ಪಾಕರನಿಗೆ ಹೆದರಿ ಓಡುವ ಕಾವಲುಗಾರನ ವೇಷ ಸಿಕ್ಕಿತು. ದೆವ್ವದ ಸೀರೆಗಿಂತ ಚೆಡ್ಡಿ ತಂಪಾಗಿದೆ ಎಂದು ಅವನಿಗೆ ಸಂತೋಷ.

ತಕರಾರು ಎದ್ದದ್ದು ಇದ್ರೀಸನಿಂದ. ತಾನು ಕಿರುಚಿದರೆ ನಾಳೆ ತನ್ನನ್ನು ಹೀರೋ ಎಂದು ಯಾರು ನೋಡುತ್ತಾರೆ ಎಂದು ಕೂತ. ಒಂದು ದಿನವೆಲ್ಲ ಕೆಲಸ ನಿಂತಿತು. ಕೊನೆಗೆ ಲತೀಫಾ ಹೋಗಿ ಅವನ ಪಕ್ಕದಲ್ಲಿ ಕೂತು, "ಅವತ್ತು ನೀನು ಕಿರುಚಿದ್ದು ಚೆನ್ನಾಗಿತ್ತು. ನನಗೆ ಕಲಿಸು," ಎಂದಳಂತೆ. ಅವನು ಕಲಿಸತೊಡಗಿದ. ಕಲಿಸುತ್ತ ಕಲಿಸುತ್ತ ಅವನಿಗೆ ಅದರಲ್ಲಿ ರುಚಿ ಹತ್ತಿತು. ಆಮೇಲೆ ಚಿತ್ರದಲ್ಲಿ ಅವನನ್ನು ಕಿರುಚದಂತೆ ತಡೆಯುವುದೇ ಮಾಸ್ಟರಿಗೆ ಕಷ್ಟವಾಯಿತು.

ನಂಜುಂಡನ ಕ್ಯಾಮೆರಾ ಮತ್ತೆ ಅಟ್ಟಣೆ ಹತ್ತಲಿಲ್ಲ. ಒಮ್ಮೆ ಲತೀಫಾಳ ಹೆಗಲ ಹಿಂದೆ ನಿಂತು ಅವಳು ನೋಡಿದ್ದನ್ನು ನೋಡುತ್ತಿತ್ತು. ಒಮ್ಮೆ ಗಂಡಸರು ಅಡಗಿದ ಮಂಚದ ಕೆಳಗೆ ಹೋಗಿ ಅವರ ಕಣ್ಣುಗಳ ಎದುರೇ ಕೂರುತ್ತಿತ್ತು. ಮಾಸ್ಟರು "ಅದು ಯಾಕೆ ಅಲ್ಲಿ?" ಎಂದರೆ, "ಸುಮ್ಮನೆ ನೋಡೋಣ ಸಾರ್," ಎನ್ನುತ್ತಿದ್ದ. ನಮ್ಮ ಯಜಮಾನರು ಇದನ್ನೆಲ್ಲ ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಹಡಗಿನ ಮಾತು ಎತ್ತಲಿಲ್ಲ. ಗಂಟು ಕಟ್ಟುವ ಮಾತನ್ನೂ ಎತ್ತಲಿಲ್ಲ. ಅವರ ಮನಸ್ಸಿನಲ್ಲೇನಿದೆಯೆಂದು ಕೇಳಲು ನನಗೂ ನಂಜುಂಡನಿಗೂ ಧೈರ್ಯವಾಗಲಿಲ್ಲ.

ಚಿತ್ರಮಂದಿರ

ನಾವು ಹೊರಡುವ ವಾರ ಚಿತ್ರ ತೆರೆಕಂಡಿತು. ದೊಡ್ಡಬಳ್ಳಾಪುರಕ್ಕೆ ಬರುವ ಟೆಂಟಿನಲ್ಲಿ ಗಂಡಸರು ಒಂದು ಕಡೆ, ನಾವು ಇನ್ನೊಂದು ಕಡೆ, ಮಧ್ಯೆ ಪರದೆ. ಇಲ್ಲಿ ಎಲ್ಲರೂ ಒಟ್ಟಿಗೆ ಕೂತಿದ್ದರು. ಅದರಿಂದ ಒಂದು ಅನುಕೂಲವಾಯಿತು. ಯಾರು ಯಾರ ತೋಳು ಹಿಡಿದುಕೊಳ್ಳುತ್ತಾರೆಂದು ಕಾಣುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ದಪ್ಪ ಆಸಾಮಿಯೊಬ್ಬ ಮೊದಲಿಂದ ಕೊನೆಯವರೆಗೆ ಹೆಂಡತಿಯ ಚೀಲದ ಹಿಂದಿನಿಂದ ಚಿತ್ರ ನೋಡಿದ.

ನಮ್ಮ ಯಜಮಾನರು ಓಡಿದ್ದನ್ನು ಮಾಸ್ಟರ್ ತೆಗೆದುಹಾಕಿರಲಿಲ್ಲ. ಕಥೆಯಲ್ಲಿ ಅವರು ಊರಿನ ಮುಖ್ಯಸ್ಥ. ಎಲೆ ಸರಿಸಿ ಮೀಸೆ ಹೊರಬಂದಾಗ ನಾನು ಪಕ್ಕಕ್ಕೆ ನೋಡಲಿಲ್ಲ. ಚೊಂಬು ಹಿಡಿದ ಆಕೃತಿ ಓಡಿ ಓಡಿ ಚಿಕ್ಕದಾಗಿ ಕಣ್ಮರೆಯಾದಾಗ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲತೀಫಾ ಕೊನೆಯ ಮನೆಯ ಬಾಗಿಲಲ್ಲಿ ನಿಂತು, ಏನೂ ಹೇಳದೆ, ನೇರವಾಗಿ ನಮ್ಮ ಕಡೆ ನೋಡಿದಾಗ ಮುಂದಿನ ಸಾಲುಗಳಲ್ಲಿ ಎಷ್ಟೋ ಗಂಡಸರು ತಲೆ ತಗ್ಗಿಸಿದರು. ಪಕ್ಕದಲ್ಲಿ ಕೂತಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮನೆಯಿಂದಲೂ ಯಾರನ್ನೋ ಕರೆದೊಯ್ದಿದ್ದರೇನೋ, ನಾನು ಕೇಳಲಿಲ್ಲ.

ಹೊರಗೆ ಬಂದರೆ ನಮ್ಮ ಯಜಮಾನರನ್ನು ಹೆಂಗಸರು ಗುರುತು ಹಿಡಿದರು. ಆ ಮೀಸೆ, ಆ ಪಂಚೆ, ಬೇರೆ ಯಾರಿಗಿದೆ ಆ ಊರಿನಲ್ಲಿ. ಐದಾರು ಜನ ಸುತ್ತುವರಿದು ಏನೋ ಕೇಳತೊಡಗಿದರು.

"ಏನಂತೆ?" ಎಂದರು ಅವರು.

ನಂಜುಂಡ ತಡವರಿಸಿದ. "ಭಾವ, ಹೆದರಿಕೆಯನ್ನ ಅಷ್ಟು ಚೆನ್ನಾಗಿ ಹೇಗೆ ಆಕ್ಟ್ ಮಾಡಿದ್ರಿ ಅಂತ ಕೇಳ್ತಿದ್ದಾರೆ. ನೀವು ಯಾವ ನಾಟಕ ಕಂಪನಿಯವರು ಅಂತ."

ಅವರು ಮೀಸೆಯ ಮೇಲೆ ಕೈಯಾಡಿಸಿದರು. ಆ ಮೀಸೆ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು. ಜಗುಲಿಯ ಮೇಲೆ ಅದು ಹೇಳುವುದನ್ನು ಎಷ್ಟೋ ವರ್ಷ ಕೇಳಿದ್ದೇನೆ.

"ಆಕ್ಟಿಂಗ್ ಅಲ್ಲ ಅಂತ ಹೇಳಪ್ಪ," ಎಂದರು. "ನಿಜವಾಗ್ಲೂ ಹೆದರಿದ್ದೆ ಅಂತ ಹೇಳು. ಕಾಲು ನನ್ನ ಮಾತು ಕೇಳಲಿಲ್ಲ ಅನ್ನು."

ನಂಜುಂಡ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಮಲಯ ಭಾಷೆಯಲ್ಲಿ ಹೇಳಿದ. ಹೆಂಗಸರು ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ಮುಂದೆ ಬಂದು, ತನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಬೋಂಡದ ಪೊಟ್ಟಣವನ್ನು ಅವರ ಕೈಗಿಟ್ಟು, ತೋಳು ತಟ್ಟಿ ಏನೋ ಅಂದಳು. ತನ್ನ ಗಂಡನೂ ಹಾಗೆಯೇ ಹೆದರುತ್ತಾನೆ, ಆದರೆ ಒಪ್ಪಿಕೊಂಡ ಗಂಡಸನ್ನು ನೋಡಲು ಇಷ್ಟು ವಯಸ್ಸಾಗಬೇಕಾಯಿತು ಎಂದಳಂತೆ.

ಬಸ್ಸಿನ ದಾರಿಯಲ್ಲಿ ನಾವು ಮೂವರೂ ಬೋಂಡ ತಿನ್ನುತ್ತ ನಡೆದೆವು. ಯಜಮಾನರು ತಮ್ಮ ಪಾಲಿನ ಬೋಂಡ ಮುಗಿಸಿದರು. ಆಮೇಲೆ ಕೆಮ್ಮಿದರು.

"ನಂಜುಂಡ, ಆ ಗುಮಾಸ್ತೆ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳ್ಬಿಡ್ತೀನಿ. ನೀನು ಇಲ್ಲೇ ಇರು."

ನನ್ನ ತಮ್ಮನ ಬಾಯಿಯಲ್ಲಿ ಬೋಂಡ ಹಾಗೇ ನಿಂತಿತು. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

"ಆದ್ರೆ ಒಂದು ಮಾತು," ಎಂದರು ಅವರು. "ನಾನು ಓಡೋದು ಪೂರ್ತಿ ಬೆನ್ನೇ ಬಿದ್ದಿದೆ. ಅಷ್ಟು ದೂರ ಓಡಿದ್ದೀನಿ, ಸ್ವಲ್ಪ ಮುಖ ಬರೋ ಹಾಗೆ ತೆಗೀಬಹುದಿತ್ತಲ್ಲಪ್ಪ."

"ಕಾಯ್ತಾನೇ ಇದ್ದೆ ಭಾವ," ಎಂದ ನಂಜುಂಡ. "ನೀವು ಒಂದು ಸಲವೂ ತಿರುಗಿ ನೋಡಲಿಲ್ಲ."